ಗಾದಿ ಮೇಡಂ ಹಿಂಜಿದ ಸಾಲುಗಳು

ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಪ್ರತಿಯೊಂದು ಪರದೆಯ ಮೇಲೂ ಸಣ್ಣ ಸಣ್ಣ ಚುಕ್ಕೆಗಳಿದ್ದವು, ಸಿಡುಬು ಬಂದು ಹೋದ ಮುಖದ ಮೇಲೆ ಉಳಿಯುವಂಥವು. ಅವೆಲ್ಲ ನಮ್ಮ ಮೇಡಂ ದಬ್ಬಣದ ಗುರುತು. ಬೇರೆ ಮಾಸ್ತರುಗಳು ಬೆರಳಿನಿಂದಲೋ ಪೆನ್ನಿನಿಂದಲೋ ತಪ್ಪು ತೋರಿಸಿದರೆ, ಇವರು ಗಾದಿ ಹೊಲಿಯುವ ಗೇಣುದ್ದದ ದಬ್ಬಣವನ್ನು ಚೀಲದಿಂದ ತೆಗೆದು, ಅದರ ತುದಿಯನ್ನು ಪರದೆಗೆ ತಾಗಿಸಿ ನಿಲ್ಲುತ್ತಿದ್ದರು. ಅವರ ಬಲಗೈ ಹೆಬ್ಬೆರಳ ಮೇಲೂ ಅಂಥದೇ ಚುಕ್ಕೆಗಳಿದ್ದವು. ಅವು ಇನ್ನೂ ಹಳೆಯವು, ಲಂಗ ಉಡುವ ವಯಸ್ಸಿನಿಂದ ಗಾದಿ ಹೊಲಿದದ್ದಕ್ಕೆ ಬಿದ್ದವು.

ಆ ದಬ್ಬಣ ನಮ್ಮ ಪ್ರೋಗ್ರಾಮಿನ ಯಾವುದಾದರೂ ಒಂದು ಸಾಲಿನ ಮೇಲೆ ಬಂದು ನಿಂತಿತೆಂದರೆ ಕೀಲಿಗಳ ಮೇಲಿನ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು. ಪ್ರಶ್ನೆ ಮಾತ್ರ ಯಾವಾಗಲೂ ಒಂದೇ.

“ಈ ಸಾಲು ಯಾಕ ಬರದಿ?”

ಸಾಲು ತಪ್ಪಿದ್ದರೂ ಅದೇ ಪ್ರಶ್ನೆ, ಸರಿಯಿದ್ದರೂ ಅದೇ ಪ್ರಶ್ನೆ. ಮುಖ ನೋಡಿ ಉತ್ತರ ಊಹಿಸೋಣವೆಂದರೆ ಆ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. “ಪುಸ್ತಕದಾಗ ಹಂಗ ಐತ್ರಿ ಮೇಡಂ” ಎಂದು ಒಮ್ಮೆ ಹೇಳಿ ನಾನು ಸಿಕ್ಕಿಬಿದ್ದೆ. “ಪುಸ್ತಕ ಬರದಾವಗ ಗೊತ್ತೈತಿ ಯಾಕ ಬರದೆ ಅಂತ. ನಿನಗ ಗೊತ್ತೈತೇನು?” ಅಂದರು. ಗೊತ್ತಿರಲಿಲ್ಲ. ಗೊತ್ತಾಗುವವರೆಗೆ ನನ್ನನ್ನು ಕುರ್ಚಿಯಿಂದ ಏಳಲು ಬಿಡಲಿಲ್ಲ. ಆ ದಿನ ಹಾಸ್ಟೆಲ್ಲಿನಲ್ಲಿ ನನ್ನ ಪಾಲಿನ ರೊಟ್ಟಿ ಆರಿ ಹಪ್ಪಳವಾಗಿತ್ತು.

ಮೇಡಂ ಮುನವಳ್ಳಿಯವರು. ಅರಳೆ ಹಿಂಜಿ ಗಾದಿ, ತಲೆದಿಂಬು ಮಾಡುವುದು ಅವರ ಮನೆತನದ ಕಸುಬು. ಅವರ ಅಪ್ಪ ಹೆಗಲ ಮೇಲೆ ಅರಳೆಯ ಬಿಲ್ಲು ಹೊತ್ತು ಊರೂರು ತಿರುಗಿ ಮಂದಿಯ ಪಡಸಾಲೆಯಲ್ಲಿ ಕುಳಿತು ಹಿಂಜಿದವರು. ಅಣ್ಣನ ಕಾಲಕ್ಕೆ ಪೇಟೆಯಲ್ಲೊಂದು ಅಂಗಡಿಯೂ ಕರೆಂಟಿನ ಮಷೀನೂ ಬಂದವು. ಮೇಡಂ ಎಂಸಿಎ ಓದಿ ಸವದತ್ತಿಯ ನಮ್ಮ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದಿದ್ದರು. ಅತಿಥಿ ಎನ್ನುವುದು ಬರೀ ಹೆಸರಿಗೆ. ಚಹಾ ಕೂಡ ಅವರೇ ಮನೆಯಿಂದ ಫ್ಲಾಸ್ಕಿನಲ್ಲಿ ತಂದುಕೊಳ್ಳಬೇಕಿತ್ತು. ಬೆಳಗ್ಗೆ ಅಣ್ಣನ ಜೊತೆ ಅಂಗಡಿಯಲ್ಲಿ ಒಂದಿಷ್ಟು ಕೆಲಸ ಮುಗಿಸಿ ಬಸ್ಸು ಹತ್ತುತ್ತಿದ್ದರು. ಹಾಗಾಗಿ ತಲೆಯ ಮೇಲಿನ ಕಪ್ಪು ದುಪಟ್ಟಾಕ್ಕೆ ಎಲ್ಲಿಯಾದರೂ ಒಂದು ಅರಳೆಯ ಎಳೆ ಅಂಟಿಕೊಂಡೇ ಇರುತ್ತಿತ್ತು. ಸ್ಟಾಫ್ ರೂಮಿನವರು ಅದನ್ನು ನೋಡಿ ಒಳಗೊಳಗೇ ನಗುತ್ತಿದ್ದರು. “ಗಾದಿ ಮೇಡಂ” ಎಂಬ ಹೆಸರು ಹುಟ್ಟಿದ್ದೂ ಅಲ್ಲಿಯೇ.

ಒಂದು ದಿನ ಯಾರೋ ಕಿಡಿಗೇಡಿ ಬೋರ್ಡಿನ ಮೇಲೆ ದೊಡ್ಡದಾಗಿ “ಗಾದಿ ಮೇಡಂ” ಎಂದು ಬರೆದಿಟ್ಟಿದ್ದ. ಮೇಡಂ ಬಂದರು, ಓದಿದರು. ಅಳಿಸಲಿಲ್ಲ. ಅದರ ಕೆಳಗೆ ತಮ್ಮ ದುಂಡನೆಯ ಅಕ್ಷರದಲ್ಲಿ “ಅಂಗಡಿ ಮುನವಳ್ಳಿ ಪೇಟೆಯಲ್ಲಿದೆ” ಎಂದು ಸೇರಿಸಿ ನಮ್ಮ ಕಡೆ ತಿರುಗಿದರು.

“ಮನ್ಯಾಗ ಲಗ್ನ ಇದ್ದವರು ಬರ್ರಿ. ಗಾದಿ ಚಲೋ ಮಾಡಿ ಕೊಡತೇವಿ. ಈಗ ನಿನ್ನಿ ಪಾಠ ಎಲ್ಲಿಗೆ ಬಿಟ್ಟಿದ್ವಿ?”

ಅಂದಿನ ಪಾಠವಷ್ಟನ್ನೂ ಆ ಎರಡು ಸಾಲುಗಳ ಪಕ್ಕದಲ್ಲಿ ಉಳಿದ ಜಾಗದಲ್ಲಿಯೇ ಮಾಡಿದರು. ಅಂದಿನಿಂದ ನಾವೂ ಗಾದಿ ಮೇಡಂ ಎಂದೇ ಕರೆದೆವು. ಆದರೆ ನಾವು ಕರೆದ ದನಿ ಬೇರೆ.

ಇನ್ನು ನನ್ನ ವಿಷಯ. ನಾನು ರಾಮದುರ್ಗ ತಾಲೂಕಿನ ಸುರೇಬಾನದವಳು, ಕನ್ನಡ ಶಾಲೆಯಲ್ಲಿ ಓದಿದವಳು. ಬಿಸಿಎ ಸೇರಿದ ಮೇಲೆಯೇ ಕಂಪ್ಯೂಟರನ್ನು ಕೈಯಿಂದ ಮುಟ್ಟಿದ್ದು. ಒಂದೊಂದು ಅಕ್ಷರದ ಕೀಲಿಯನ್ನೂ ಹುಡುಕಿ ಹುಡುಕಿ ಒತ್ತುವಷ್ಟರಲ್ಲಿ ಸುಸ್ತಾಗುತ್ತಿದ್ದವಳಿಗೆ ಸಾಲುಗಳ ಮುಂದೆ ಜಾಗ ಬಿಡುವುದು, ಬ್ರೇಸು ಎನ್ನುವ, ತೆರೆದು ಮುಚ್ಚುವ ಕಂಸಗಳನ್ನು ಒಂದರ ಕೆಳಗೊಂದು ಕೂಡಿಸುವುದು ಎಲ್ಲಿಂದ ಬರಬೇಕು? ನನ್ನ ಪ್ರೋಗ್ರಾಮುಗಳ ಸಾಲುಗಳೆಲ್ಲ ಎಡಗಡೆಯ ಗೋಡೆಗೆ ಒರಗಿ ನಿಂತಿರುತ್ತಿದ್ದವು. ಲ್ಯಾಬಿನ ಹಿರಿಯ ಸರ್ ಒಬ್ಬರು ಇದ್ದರು. ಅವರು ಪ್ರೋಗ್ರಾಮನ್ನು ಓದುತ್ತಿರಲಿಲ್ಲ, ದೂರ ನಿಂತು ನೋಡುತ್ತಿದ್ದರು. ಅಂದವಾಗಿ ಕಂಡರೆ ಅಂಕ. ನನ್ನದನ್ನು ನೋಡಿ, “ಇದು ಪ್ರೋಗ್ರಾಮೇನವಾ? ಗಾಳಿಗೆ ಬಿದ್ದ ಜ್ವಾಳದ ಕಣಿಕಿ ಇದ್ದಂಗ ಐತಿ” ಎಂದು ಇಡೀ ಲ್ಯಾಬಿಗೆ ಕೇಳುವಂತೆ ಹೇಳಿದರು.

ನನಗೂ ಛಲ ಬಂತು. ಮುಂದಿನ ವಾರ ಲ್ಯಾಬಿನ ಇಡೀ ಅವಧಿಯನ್ನು ಒಂದೇ ಪ್ರೋಗ್ರಾಮಿಗೆ ಸುರಿದು, ಜಾಗಗಳನ್ನೆಲ್ಲ ಎಣಿಸಿ ಬಿಟ್ಟು, ಕನ್ನಡಿಯಂತೆ ಮಾಡಿ ತೋರಿಸಿದೆ. ಸರ್ ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಖರೆ ಹೇಳು. ಯಾರದು ನೋಡಿ ಬರದಿ?”

ಗಲೀಜಾಗಿದ್ದರೆ ದಡ್ಡಿ, ಅಂದವಾಗಿದ್ದರೆ ಕಳ್ಳಿ. ಹಳ್ಳಿಯಿಂದ ಬಂದವರಿಗೆ ಅಲ್ಲಿ ಮೂರನೆಯ ಜಾಗ ಇರಲಿಲ್ಲ. ನಾನು ಸೀದಾ ಗಾದಿ ಮೇಡಂ ಹತ್ತಿರ ಹೋಗಿ, ಕಾಲೇಜು ಬಿಡುತ್ತೇನೆ, ಊರಿಗೆ ಹೋಗುತ್ತೇನೆ ಎಂದು ಅತ್ತೆ. ಅವರು ಸಮಾಧಾನ ಮಾಡುವವರಲ್ಲ. ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಸುರಿದು ನನ್ನ ಮುಂದಿಟ್ಟರು.

“ಕುಡಿ ಮೊದಲ. ನೀ ಹ್ವಾದ್ರ ಅವರಿಗೇನು ತ್ರಾಸಿಲ್ಲವಾ. ಒಂದು ಕುರ್ಚಿ ಖಾಲಿ ಆತು ಅಂತಾರ. ಇದ್ರ ತ್ರಾಸು. ಇದ್ದು ತ್ರಾಸು ಕೊಡು.”

ಆಮೇಲೆ ತಮಗೆ ತಾವೇ ಹೇಳಿಕೊಳ್ಳುವಂತೆ ಹೇಳಿದರು: “ಒಳಗಿಂದು ಓದೂ ಮೊದಲ ಹೊರಗಿಂದು ನೋಡಿ ತೀರ್ಪು ಕೊಡತಾರ. ಹೊರಗಿಂದು ಎಲ್ಲಾರದೂ ಒಂದ ಮಾಡಿಬಿಟ್ರ? ಆಗ ಒಳಗಿಂದು ಓದಬೇಕಾಗತೈತಿ.”

ಮುಂದಿನ ವಾರ ಲ್ಯಾಬಿಗೆ ಹೋದಾಗ ಎಲ್ಲ ಕಂಪ್ಯೂಟರುಗಳಲ್ಲೂ ಕಪ್ಪು ಪರದೆಯ ಟರ್ಮಿನಲ್ ತೆರೆದಿತ್ತು. ಅಲ್ಲಿ ಬಾಣ, ಚಿತ್ರ, ಗುಂಡಿ ಏನೂ ಇಲ್ಲ. ಆಜ್ಞೆಯನ್ನು ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಬೇಕು. ಪ್ರೋಗ್ರಾಮಿನ ಸಾಲುಗಳನ್ನು ತಾನಾಗಿಯೇ ಒಪ್ಪವಾಗಿ ಜೋಡಿಸುವ ಒಂದು ಪುಕ್ಕಟೆ ಸಾಧನವನ್ನು ಮೇಡಂ ಪ್ರತಿ ಕಂಪ್ಯೂಟರಿಗೂ ಹಾಕಿದ್ದರು. ಅದರ ನಿಜವಾದ ಆಜ್ಞೆ ಗೂಡ್ಸ್ ಗಾಡಿಯಷ್ಟು ಉದ್ದ. ಎಷ್ಟು ಜಾಗ ಬಿಡಬೇಕು, ಬ್ರೇಸು ಎಲ್ಲಿ ಕೂಡಬೇಕು, ಸಾಲು ಎಲ್ಲಿ ಮುರಿಯಬೇಕು ಎಂಬ ನಿಯಮಗಳೆಲ್ಲ ಅದರ ಹಿಂದೆ ಬಾಲದಂತೆ ಬರುತ್ತಿದ್ದವು. ಮೇಡಂ ಅಷ್ಟನ್ನೂ ಸೇರಿಸಿ ಅದಕ್ಕೊಂದು ಅಡ್ಡಹೆಸರು ಇಟ್ಟಿದ್ದರು: ಹಿಂಜು. ಇಂಗ್ಲಿಷ್ ಅಕ್ಷರಗಳಲ್ಲಿ ಹಿಂಜು ಎಂದು ಬರೆದು, ಪಕ್ಕದಲ್ಲಿ ನಮ್ಮ ಫೈಲಿನ ಹೆಸರು ಬರೆದು, ಎಂಟರ್ ಒತ್ತಿದರೆ ಮುಗಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಸಾಲುಗಳೆಲ್ಲ ಎದ್ದು ತಮ್ಮ ತಮ್ಮ ಜಾಗದಲ್ಲಿ ಕುಳಿತಿರುತ್ತಿದ್ದವು.

ಮೇಡಂ ಮೊದಲು ಹಿಂಜಿದ್ದು ನನ್ನ ಕಣಿಕಿಯನ್ನು. ಅದರ ಪಕ್ಕದಲ್ಲಿ, ತರಗತಿಯಲ್ಲೇ ಅಂದವಾಗಿ ಬರೆಯುತ್ತಾನೆಂದು ಹೆಸರಾದ, ಬೆಳಗಾವಿಯಲ್ಲಿ ಇಂಗ್ಲಿಷ್ ಶಾಲೆ ಮುಗಿಸಿ ಬಂದ ಹುಡುಗನ ಪ್ರೋಗ್ರಾಮನ್ನೂ ಹಿಂಜಿ ತೆರೆದಿಟ್ಟರು.

“ಯಾವದು ಯಾರದು ಹೇಳ್ರಿ ನೋಡೂಣು.”

ಯಾರಿಗೂ ಹೇಳಲಾಗಲಿಲ್ಲ. ಆ ಹುಡುಗನಿಗೇ ತನ್ನದು ಗುರುತು ಹತ್ತಲಿಲ್ಲ. ಅವನಿಗೆ ಸಿಟ್ಟು ಬಂತು. “ಮೇಡಂ, ನಾ ಅಷ್ಟು ಕಷ್ಟಪಟ್ಟು ನೀಟ್ ಮಾಡಿದ್ನಿ” ಎಂದ.

“ಹೌದಪಾ, ಕಷ್ಟಪಟ್ಟಿ. ಆ ಕಷ್ಟ ಇನ್ಮುಂದ ಒಳಗ ಪಡು” ಅಂದರು.

ಬ್ರೇಸು ಅದೇ ಸಾಲಿನ ಕೊನೆಗಿರಬೇಕೋ ಕೆಳಗಿನ ಸಾಲಿಗೆ ಬರಬೇಕೋ ಎಂದು ಹುಡುಗರಲ್ಲಿ ಎರಡು ಪಂಗಡಗಳಿದ್ದವು. ಪಂಚಾಯಿತಿ ಚುನಾವಣೆಗೂ ಅಷ್ಟು ಬಿಗುಮಾನ ಇರುವುದಿಲ್ಲ. ಹಿಂಜು ಬಂದ ದಿನವೇ ಆ ಜಗಳ ಸತ್ತಿತು. ಯಾರು ಎಲ್ಲಿ ಹಾಕಿದರೂ ಅದು ತನಗೆ ಬೇಕಾದಲ್ಲಿಯೇ ತಂದು ಕೂಡಿಸುತ್ತಿತ್ತು. ಎರಡೂ ಪಂಗಡದವರು ಒಟ್ಟಾಗಿ ಮೇಡಂ ಮೇಲೆ ಕೆಲವು ದಿನ ಮುನಿಸಿಕೊಂಡಿದ್ದರು. ಮೇಡಂಗೆ ಅದರ ಪರಿವೆಯೇ ಇರಲಿಲ್ಲ.

ನಮ್ಮಲ್ಲಿ ಕೆಲವರು ಹಿಂಜು ತಪ್ಪುಗಳನ್ನೂ ತಿದ್ದುತ್ತದೆ ಎಂದುಕೊಂಡಿದ್ದೆವು. ಅದು ತಿದ್ದುವುದಿಲ್ಲ. ಜಾಗ ಮತ್ತು ಸಾಲುಗಳನ್ನು ಬಿಟ್ಟು ಏನನ್ನೂ ಮುಟ್ಟುವುದಿಲ್ಲ. ಆದರೆ ಎಲ್ಲಿಯಾದರೂ ಒಂದು ಬ್ರೇಸು ಮುಚ್ಚಲು ಮರೆತಿದ್ದರೆ, ಹಿಂಜಿದ ಮೇಲೆ ಅಲ್ಲಿಂದ ಕೆಳಗಿನ ಸಾಲುಗಳೆಲ್ಲ ಬಲಗಡೆಗೆ ಸರಿದು ನಿಂತುಬಿಡುತ್ತಿದ್ದವು. ತಪ್ಪು ಎಲ್ಲಿದೆ ಎಂದು ಕುರುಡರಿಗೂ ಕಾಣುವಂತೆ. “ನಮ್ಮಪ್ಪ ಅರಳಿ ಹಿಂಜಿದ ಮ್ಯಾಲ ನೆಲದಾಗ ಕಸ ಬಿದ್ದಿರತಿತ್ತು. ಅದು ಮೊದಲೂ ಇತ್ತು, ಗಂಟಿನ್ಯಾಗ ಕಾಣತಿರಲಿಲ್ಲ ಅಷ್ಟ” ಎಂದು ಮೇಡಂ ಹೇಳಿದ್ದು ಈಗಲೂ ಕಿವಿಯಲ್ಲಿದೆ.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ ಬಂತು. ಹೊರಗಿನ ಕಾಲೇಜಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ಇಸ್ತ್ರಿ ಮುರಿಯದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನಾವು ನಮ್ಮ ಪಾಲಿಗೆ ಬಂದ ಪ್ರೋಗ್ರಾಮುಗಳನ್ನು ಬರೆದು, ನಡೆಸಿ, ಅಭ್ಯಾಸಬಲದಿಂದ ಹಿಂಜಿ ಇಟ್ಟಿದ್ದೆವು. ಅವರು ಒಂದು ಪರದೆಯಿಂದ ಇನ್ನೊಂದಕ್ಕೆ ಹೋದಂತೆಲ್ಲ ಹುಬ್ಬು ಮೇಲೇರತೊಡಗಿತು. ಪ್ರಶ್ನೆಗಳು ಬೇರೆ ಬೇರೆ, ಆದರೆ ಎಲ್ಲರ ಸಾಲುಗಳೂ ಒಂದೇ ಕೈಯಿಂದ ಬಂದಂತೆ ಕಾಣುತ್ತಿದ್ದವು. ಒಂದೇ ಅಳತೆಯ ಜಾಗ, ಬ್ರೇಸುಗಳೆಲ್ಲ ಒಂದೇ ಕಡೆ. ಕೊನೆಗೆ ಒಂದು ಟರ್ಮಿನಲ್ಲಿನಲ್ಲಿ ಹಿಂಜು ಎಂಬ ಪದ ಅವರ ಕಣ್ಣಿಗೆ ಬಿತ್ತು.

“ಇದೇನಿದು?”

ನಮ್ಮ ಲ್ಯಾಬಿನ ಅಟೆಂಡರ್ ಕಾಕಾ ಅಲ್ಲಿಯೇ ನಿಂತಿದ್ದರು. ಹಿಂಜಿನ ಬಗ್ಗೆ ಅವರಿಗೆ ನಮಗಿಂತ ಹೆಚ್ಚು ಹೆಮ್ಮೆ. ಎದೆಯುಬ್ಬಿಸಿ ಹೇಳಿಬಿಟ್ಟರು: “ಅದು ನಮ್ಮ ಮೇಡಂ ಹಾಕಿದ್ದು ಸರ್ರ. ಅದನ್ನ ಹೊಡದ್ರ ಸಾಕು, ಎಲ್ಲಾರದೂ ಒಂದ ಆಗಿಬಿಡತೈತಿ.”

ಪರೀಕ್ಷಕರು ಪೆನ್ನು ಮುಚ್ಚಿದರು. ಅವರ ಲೆಕ್ಕದಲ್ಲಿ ಕಳ್ಳರು ಮಾಲು ಸಮೇತ ಸಿಕ್ಕಿದ್ದರು. ಹಿಂಜು ಎಂದರೆ ಒಬ್ಬರ ಉತ್ತರವನ್ನು ಎಲ್ಲರ ಕಂಪ್ಯೂಟರಿಗೂ ಹಂಚುವ ಏನೋ ಕಳ್ಳದಾರಿ ಎಂದು ತಿಳಿದರು. ಸಾಮೂಹಿಕ ನಕಲು ಎಂದು ಬರೆದು ಇಡೀ ಬ್ಯಾಚಿನ ಫಲಿತಾಂಶ ತಡೆಹಿಡಿಸುತ್ತೇನೆ ಎಂದರು. ಮೇಡಂ ವಿವರಿಸಲು ಹೋದರೆ ಕೈ ಎತ್ತಿ ತಡೆದರು. ಪ್ರಾಚಾರ್ಯರು ಓಡಿ ಬಂದರು. ಅವರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ, ಆದರೆ ಕಾಲೇಜಿನ ಹೆಸರು ಗೊತ್ತಿತ್ತು. ಪರೀಕ್ಷಕರನ್ನು ಬಾಗಿಲ ಹತ್ತಿರ ಕರೆದೊಯ್ದು ಏನೋ ಮಾತಾಡಿ ತಿರುಗಿ ಬಂದು, ಮೇಡಂ ಮುಂದೆ ದನಿ ತಗ್ಗಿಸಿದರು. ನಾನು ಮೊದಲ ಸಾಲಿನಲ್ಲೇ ಇದ್ದೆ, ಎಲ್ಲ ಕೇಳಿಸಿತು.

“ಸಾಹೇಬ್ರು ದೊಡ್ಡ ಮನಸ್ಸು ಮಾಡ್ಯಾರ ಮೇಡಂ. ನಕಲು ಮಾಡಿದವರು ಅಂತ ಒಂದ ನಾಕ ಹೆಸರು ಹೇಳಿಬಿಡ್ರಿ. ಉಳದವರು ಪಾರಾಗತಾರ. ಆ ಹಾಸ್ಟೆಲ್ ಹುಡುಗ್ಯಾರು, ಹಿಂದಿನ ಬೆಂಚಿನವರು, ಯಾರರ. ಈ ಸುರೇಬಾನದಾಕಿ ಹೆಂಗೂ ಮೊದಲಿಂದ ಡಲ್ ಅಂತ ಲ್ಯಾಬಿನ ಸರ್ ಹೇಳತಿದ್ರಲ್ಲ.”

ಹೇಳುತ್ತ ನನ್ನ ಕಡೆ ಬೆರಳು ಮಾಡಿದರು. ನಕಲಿನ ಮುದ್ರೆ ಬಿದ್ದರೆ ಪದವಿ ಅಲ್ಲಿಗೆ ಮುಗಿದಂತೆ. ಊರಿನಲ್ಲಿ ಅವ್ವ ಯಾರಿಗೆ ಏನೆಂದು ಹೇಳಬೇಕು? ನಾನು ಮೇಡಂ ಮುಖವನ್ನೇ ನೋಡಿದೆ. ಅವರ ಕಾಯಂ ಅಲ್ಲದ ನೌಕರಿಯ ಜುಟ್ಟು ಇದೇ ಪ್ರಾಚಾರ್ಯರ ಕೈಯಲ್ಲಿತ್ತು. ಹೂಂ ಎಂದರೆ ಅವರಿಗೆ ಏನೂ ನಷ್ಟವಿರಲಿಲ್ಲ.

ಮೇಡಂ ದನಿ ತಗ್ಗಿಸಲಿಲ್ಲ. ಇಡೀ ಲ್ಯಾಬಿಗೆ ಕೇಳುವಂತೆ ಹೇಳಿದರು.

“ನಾಕ ಹೆಸರು ಯಾಕ್ರಿ ಸರ್ರ? ಒಂದ ಸಾಕು. ನಂದು ಬರಕೋರಿ. ಹಿಂಜು ಹಾಕಿದಾಕಿ ನಾನು, ಹುಡುಗರಿಗೆ ಕಲಿಸಿದಾಕಿ ನಾನು. ಇವರ ಹೆಸರು ನನ್ನ ಬಾಯಾಗಿಂದ ಬರೂದಿಲ್ಲ.”

“ಮೇಡಂ, ಸ್ವಲ್ಪ ತಿಳಕೋರಿ...”

“ತಿಳಕೊಂಡೇನ್ರಿ. ಎಲ್ಲಾರದೂ ಒಂದ ಥರ ಕಂಡ್ರ ಕಳುವು, ಬ್ಯಾರೆ ಬ್ಯಾರೆ ಕಂಡ್ರ ಹೊಲಸು. ಇವರು ಎಲ್ಲಿಗೆ ಹೋಗಬೇಕ್ರಿ?” ಎಂದು ಪರೀಕ್ಷಕರ ಕಡೆ ತಿರುಗಿದರು. “ನೋಡೂದು ಬಿಟ್ಟು ಕೇಳ್ರಿ ಸಾಹೇಬ್ರ. ಯಾವ ಸಾಲು ಬೇಕಾದ್ರೂ ತೋರಸ್ರಿ, ಯಾಕ ಬರದಿ ಅಂತ ಕೇಳ್ರಿ. ಕದ್ದವರಿಗೆ ಸಾಲು ಗೊತ್ತಿರತೈತಿ, ಯಾಕ ಅನ್ನೂದು ಗೊತ್ತಿರೂದಿಲ್ಲ.”

ಪರೀಕ್ಷಕರಿಗೂ ಹಟ ಬಂದಿತು. ಆಗಲಿ ಎಂದರು. ಆದರೆ ಹೊಸ ಪ್ರಶ್ನೆ ನಾನೇ ಕೊಡುತ್ತೇನೆ, ಹಿಂಜು ಮುಟ್ಟುವಂತಿಲ್ಲ ಎಂದರು. ಮೊದಲಿಗೆ ಯಾರು ಎಂದು ಸುತ್ತ ನೋಡಿ, ಪ್ರಾಚಾರ್ಯರು ಆಗಲೇ ಬೆರಳು ಮಾಡಿದ್ದ ನನ್ನನ್ನೇ ಆರಿಸಿದರು. ಒಂದಿಷ್ಟು ಸಂಖ್ಯೆಗಳನ್ನು ಕೊಟ್ಟರೆ ಅವುಗಳಲ್ಲಿ ಎರಡನೆಯ ದೊಡ್ಡ ಸಂಖ್ಯೆ ಯಾವುದೆಂದು ಹುಡುಕುವ ಪ್ರೋಗ್ರಾಮು ಬರೆಯಬೇಕು.

ಬರೆಯತೊಡಗಿದೆ. ಹಿಂಜಿನ ಮೇಲೆ ಭಾರ ಹಾಕಿ ಎರಡು ವರ್ಷ ಕಳೆದವಳ ಕೈ ಜಾಗ ಬಿಡುವುದನ್ನು ಎಂದೋ ಮರೆತಿತ್ತು. ಸಾಲುಗಳು ಮತ್ತೆ ಎಡಗಡೆಯ ಗೋಡೆಗೆ ಒರಗಿ ನಿಂತವು, ಅದೇ ಹಳೆಯ ಕಣಿಕಿ. ಪರೀಕ್ಷಕರು ನನ್ನ ಹೆಗಲ ಹಿಂದೆ ನಿಂತು ನಕ್ಕರು. “ಆ ನೀಟ್ ಪ್ರೋಗ್ರಾಮ್ ಬರೆದವಳು ಇವಳೇ ಏನು?” ಎಂದರು. ಬರೆದು ಮುಗಿಸಿ ನಡೆಸಿದರೆ ದೋಷ ಎಂದಿತು. ಎಲ್ಲಿಯೋ ಒಂದು ಬ್ರೇಸು ಮುಚ್ಚಿಲ್ಲ. ಹಿಂಜಿದ್ದರೆ ಕ್ಷಣದಲ್ಲಿ ಕಾಣುತ್ತಿತ್ತು. ಈಗ ಎಲ್ಲ ಸಾಲುಗಳೂ ಒಂದೇ ಗೆರೆಯಲ್ಲಿ ನಿಂತು ನನ್ನನ್ನು ಅಣಕಿಸುತ್ತಿದ್ದವು. ಮೇಡಂ ಕಡೆ ನೋಡಿದೆ. ಅವರು ಸಹಾಯಕ್ಕೆ ಬರಲಿಲ್ಲ, ತಲೆಯನ್ನೂ ಆಡಿಸಲಿಲ್ಲ. ಕೈಕಟ್ಟಿ ನಿಂತಿದ್ದರು, ನನಗೆ ಬರುತ್ತದೆ ಎಂಬುದರಲ್ಲಿ ಅನುಮಾನವೇ ಇಲ್ಲದವರಂತೆ. ಅದನ್ನು ನೋಡಿ ನನಗೆ ಸಿಟ್ಟೂ ಬಂತು, ಧೈರ್ಯವೂ ಬಂತು. ಎಡಗೈ ಬೆರಳನ್ನು ತೆರೆದ ಬ್ರೇಸಿನ ಮೇಲೆ, ಬಲಗೈ ಬೆರಳನ್ನು ಮುಚ್ಚಿದ ಬ್ರೇಸಿನ ಮೇಲೆ ಇಟ್ಟು ಜೋಡಿ ಜೋಡಿಯಾಗಿ ಕೆಳಗಿಳಿಯುತ್ತ ಹೋದೆ. ಒಂಟಿಯಾಗಿ ಉಳಿದದ್ದು ಸಿಕ್ಕಿತು. ಅದಕ್ಕೆ ಜೊತೆ ಹಾಕಿ ಮತ್ತೆ ನಡೆಸಿದೆ. ನಡೆಯಿತು.

ಪರೀಕ್ಷಕರು ಸುಮ್ಮನಾಗುವವರಲ್ಲ. ಬಗ್ಗಿ, ತಾವೇ ಸಂಖ್ಯೆಗಳನ್ನು ಬರೆದರು. ಬೇಕೆಂದೇ ದೊಡ್ಡ ಸಂಖ್ಯೆಯನ್ನು ಎರಡು ಸಲ ಹಾಕಿದರು. ಪ್ರೋಗ್ರಾಮು ಎಡವಲಿಲ್ಲ, ಸರಿಯಾದದ್ದನ್ನೇ ತೋರಿಸಿತು. ಆಗ ನನ್ನ ಭುಜದ ಮೇಲಿಂದ ದಬ್ಬಣ ಬಂತು. ಅದರ ತುದಿ ಪರದೆಯ ಒಂದು ಸಾಲಿನ ಮೇಲೆ ನಿಂತಿತು.

“ಈ ಸಾಲು ಯಾಕ ಬರದಿ?”

“ದೊಡ್ಡದು ಎರಡ ಸಲ ಬಂದ್ರ, ಎರಡನೇದು ಅಂತ ಅದನ್ನ ತೋರಸಬಾರದಲ್ರಿ ಮೇಡಂ, ಅದಕ್ಕ.”

“ಕೇಳಿದ್ರಿಲ್ರಿ?” ಎಂದು ಮೇಡಂ ಪರೀಕ್ಷಕರನ್ನು ನೋಡಿದರು. “ಈಗ ಹಿಂಜವಾ.”

ಅಪ್ಪಣೆಗೆ ಯಾರೂ ಕಾಯಲಿಲ್ಲ. ಹಿಂಜು ಎಂದು ಬರೆದು ಎಂಟರ್ ಒತ್ತಿದೆ. ಪರೀಕ್ಷಕರ ಕಣ್ಣ ಮುಂದೆಯೇ ನನ್ನ ಕಣಿಕಿ ಎದ್ದು, ಬೆಳಗ್ಗೆ ಅವರು ಅನುಮಾನಪಟ್ಟ ಅದೇ ಅಂದದ ಸಾಲುಗಳಾಗಿ ನಿಂತಿತು. ಅಕ್ಷರ ಒಂದೂ ಬದಲಾಗಿರಲಿಲ್ಲ. ಅಟೆಂಡರ್ ಕಾಕಾ ಚಪ್ಪಾಳೆ ತಟ್ಟಿಯೇಬಿಟ್ಟರು, ಪ್ರಾಚಾರ್ಯರು ಕಣ್ಣು ಬಿಟ್ಟಾಗ ಕೈ ಹಿಂದೆ ಮಾಡಿಕೊಂಡರು.

ಅವತ್ತು ಸಂಜೆಯವರೆಗೆ ಪರೀಕ್ಷಕರು ಎಲ್ಲರನ್ನೂ ಕೂಡಿಸಿ ಪ್ರಶ್ನೆ ಕೇಳಿದರು. ಹಿಂದಿನ ಬೆಂಚಿನವರು ತೊದಲುತ್ತ, ಬೆವರುತ್ತ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಹೇಳಿದರು. ಆದರೂ ಹೇಳಿದರು. ನಕಲಿನ ಮಾತು ಅಲ್ಲಿಗೆ ನಿಂತಿತು. ಪರೀಕ್ಷಕರು ತಪ್ಪಾಯಿತು ಎಂದು ಹೇಳಲಿಲ್ಲ. ಕಥೆಗಳಲ್ಲಿ ಹೇಳುತ್ತಾರೆ, ಸವದತ್ತಿಯಲ್ಲಿ ಹೇಳುವುದಿಲ್ಲ. ನನಗೆ ದಡ ಮುಟ್ಟುವಷ್ಟೇ ಅಂಕ ಹಾಕಿ ಹೋದರು. ನಾನು ಮುಖ ಇಳಿಬಿಟ್ಟಿದ್ದನ್ನು ನೋಡಿ ಮೇಡಂ ಗದರಿದರು.

“ಅಂಕ ಅವರು ಕೊಟ್ಟದ್ದು, ಅದು ಅವರದು. ಬರದದ್ದು ನಿಂದು. ಅದನ್ನ ಯಾರ ಕಸಗೊಂತಾರ?”

ಮುಂದಿನ ವರ್ಷ ಮೇಡಂಗೆ ಕಾಲೇಜಿನಿಂದ ಕರೆ ಬರಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಲ್ಯಾಬಿನಲ್ಲಿ ಹಿಂಜು ತೆಗೆಸಿದರಂತೆ. ನಮ್ಮ ಹೆಸರು ಹೇಳದ್ದಕ್ಕೆ ಅವರ ನೌಕರಿ ಹೋಗಿತ್ತು. ಮುನವಳ್ಳಿಗೆ ಹೋಗಿ ಅಂಗಡಿಯ ಮುಂದೆ ನಿಂತು ಕಾಲೇಜಿನವರನ್ನು ಬಾಯಿಗೆ ಬಂದಂತೆ ಬಯ್ದೆ. ಮೇಡಂ ಗಾದಿಯೊಂದರ ಅಂಚು ಹೊಲಿಯುತ್ತ ಕೇಳಿಸಿಕೊಂಡರು.

“ಬಯ್ಯೂದು ಮುಗೀತೇನು? ಹಂಗಾರ ಒಳಗ ಬಾ. ಎರಡ ಹಳೇ ಕಂಪ್ಯೂಟರ್ ತಂದೇನಿ.”

ಗಾದಿಗಳ ಅಟ್ಟಿಯ ಹಿಂದೆ ಎರಡು ಹಲಗೆಗಳ ಮೇಲೆ ಎರಡು ಕಂಪ್ಯೂಟರ್ ಕೂತಿದ್ದವು, ಅರಳೆ ಹೋಗದಂತೆ ಸೀರೆಯ ತುಂಡು ಹೊದ್ದು. ಮಧ್ಯಾಹ್ನದ ಮೇಲೆ ಅಣ್ಣ ಮಷೀನು ನಿಲ್ಲಿಸಿದಾಗ ಪಾಠ. ಹುಡುಗಿಯರು ಬರುತ್ತಿದ್ದರು, ನೌಕರಿ ಸಿಗದೆ ಕುಳಿತ ಪದವೀಧರರು ಬರುತ್ತಿದ್ದರು, ಮದುವೆಯಾಗಿ ಓದು ಬಿಟ್ಟವರು ಕೂಸನ್ನು ಗಾದಿಯ ಮೇಲೆ ಮಲಗಿಸಿ ಕಲಿಯುತ್ತಿದ್ದರು. ಅಷ್ಟು ಮೆತ್ತಗಿನ ಹಾಸಿಗೆ ಯಾವ ಕಾಲೇಜಿನಲ್ಲಿದೆ ಎಂದು ಮೇಡಂ ಜಂಬ ಪಡುತ್ತಿದ್ದರು. ಎಂಸಿಎಗೆ ಹೋಗುವ ಮೊದಲು ಒಂದು ವರ್ಷ ನಾನೂ ಅಲ್ಲಿಯೇ ಕಲಿತೆ. ಹಿಂಜು ಅಲ್ಲಿಯೂ ಇತ್ತು. ಆ ಪಾಠಕ್ಕೆ ಮಾತ್ರ ಬೇರೆ ಬೋರ್ಡು ಇರಲಿಲ್ಲ. ಏನೆಂದು ಬರೆಸೋಣ ಎಂದು ಕೇಳಿದರೆ, “ಗಾದಿ ಅಂಗಡಿ ಅಂತ ಐತಲ್ಲ, ಸಾಕು” ಎನ್ನುತ್ತಿದ್ದರು.

ಹೋದ ಚಳಿಗಾಲದಲ್ಲಿ ಮೇಡಂ ಹೋದರು. ಎದೆಯ ಬೇನೆ, ಅರಳೆಯ ಧೂಳು ವರ್ಷಗಟ್ಟಲೆ ಒಳಗೆ ಹೋದದ್ದು ಎಂದು ಡಾಕ್ಟರು ಹೇಳಿದ್ದರಂತೆ. ನಾನು ಈಗ ರಾಮದುರ್ಗದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಸುದ್ದಿ ತಿಳಿದು ಮುನವಳ್ಳಿ ಮುಟ್ಟುವಷ್ಟರಲ್ಲಿ ಗಂಡಸರು ಮಣ್ಣು ಮುಗಿಸಿ ಬಂದಿದ್ದರು. ಅವರ ಅಣ್ಣ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ನನ್ನನ್ನು ನೋಡಿ ಗುರುತು ಹಿಡಿದರು.

“ನೀ ಸುರೇಬಾನದಾಕಿ ಅಲ್ಲೇನವಾ? ಆಕಿ ಭಾಳ ನೆನಸತಿದ್ಲು. ಬಾಯಿ ಜೋರು, ನಾನ ಕಲಿಸೇನಿ ಅಂತಿದ್ಲು.”

ನಾನು ಅಲ್ಲಿಯೇ ಅವರ ಪಕ್ಕದಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತೆ. ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಕೊಟ್ಟು ಬಾಯಿ ಮುಚ್ಚಿಸಲು ಈ ಸಲ ಯಾರೂ ಇರಲಿಲ್ಲ.

ಅದಾದ ಕೆಲವು ವಾರಗಳಿಗೆ ನನ್ನನ್ನು ಬೈಲಹೊಂಗಲದ ಕಾಲೇಜೊಂದಕ್ಕೆ ಪ್ರಾಯೋಗಿಕ ಪರೀಕ್ಷೆಗೆ ಕಳಿಸಿದರು, ಹೊರಗಿನ ಪರೀಕ್ಷಕಿಯಾಗಿ. ಜೊತೆಗೆ ಅಲ್ಲಿಯವರೇ ಒಬ್ಬ ಸರ್ ಇದ್ದರು. ಈಗಿನ ಮಕ್ಕಳಿಗೆ ಕಪ್ಪು ಪರದೆಯಲ್ಲಿ ಆಜ್ಞೆ ಬರೆಯುವ ಕೆಲಸವೂ ಇಲ್ಲ. ಫೈಲು ಉಳಿಸಿದೊಡನೆ ಎಡಿಟರೇ ಸಾಲುಗಳನ್ನು ಒಪ್ಪಮಾಡುತ್ತದೆ. ಎಲ್ಲ ಪರದೆಗಳೂ ಒಂದೇ ಥರ ಕಾಣುತ್ತಿದ್ದವು. ಕಿತ್ತೂರು ಕಡೆಯ ಹಳ್ಳಿಯೊಂದರ ಹುಡುಗಿಯ ಹತ್ತಿರ ಬಂದಾಗ ಆ ಸರ್ ನನ್ನ ಕಿವಿಯ ಬಳಿ ಬಗ್ಗಿದರು.

“ಇದನ್ನ ಈಕಿ ಬರದಿರಾಕಿಲ್ರಿ ಮೇಡಂ. ಇಷ್ಟು ನೀಟ್ ಐತಿ ಅಂದ್ರ ಎಐ ಬರದಿರಬೇಕು. ಕನ್ನಡ ಮೀಡಿಯಂ ಹುಡುಗಿ, ಡಲ್. ಸೊನ್ನಿ ಹಾಕಿ ಮುಂದ ನಡೀರಿ.”

ಕಾಲ ಬದಲಾಗಿದೆ ಎನ್ನುತ್ತಾರೆ. ಕಳುವಿನ ಹೆಸರು ಬದಲಾಗಿದೆ ಅಷ್ಟೇ. ಕಳ್ಳಿ ಇನ್ನೂ ಅದೇ ಹುಡುಗಿ.

“ಬರದಿರಬಹುದು, ಬರದಿರಲಿಕ್ಕಿಲ್ಲ. ನೋಡಿದ್ರ ಹೆಂಗ ಗೊತ್ತಾಗತೈತ್ರಿ ಸರ್? ಕೇಳೂಣು” ಎಂದೆ.

“ಇಷ್ಟು ಮಂದಿ ಅದಾರ್ರಿ, ಒಬ್ಬೊಬ್ಬರನ್ನ ಕೇಳಕೋತ ಕುಂತ್ರ ಸಂಜಿ ಆಗತೈತಿ.”

“ಆಗಲ್ರಿ.”

ಕುರ್ಚಿಯೊಂದನ್ನು ಎಳೆದು ಹುಡುಗಿಯ ಪಕ್ಕದಲ್ಲಿ ಕುಳಿತೆ. ಅವಳಿಗೆ ಎಲ್ಲ ಕೇಳಿಸಿತ್ತು. ನನ್ನ ಹತ್ತಿರ ದಬ್ಬಣ ಇರಲಿಲ್ಲ. ಬೆರಳನ್ನೇ ಪರದೆಯ ಮೇಲಿಟ್ಟೆ.

“ಹೆದರಬ್ಯಾಡವಾ. ಈ ಸಾಲು ಯಾಕ ಬರದಿ?”

ಅವಳು ನನ್ನನ್ನೊಮ್ಮೆ, ಸರ್ ಅವರನ್ನೊಮ್ಮೆ ನೋಡಿದಳು. ಆಮೇಲೆ ಹೇಳತೊಡಗಿದಳು.